ಕಂಟ್ರೋಲ್, ಆಲ್ಟ್, ಎಂ

ಹೋದ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಲ್ಯಾಪ್‌ಟಾಪ್ ತೆರೆದು ಕಂಟ್ರೋಲ್, ಆಲ್ಟ್, ಎಂ ಮೂರನ್ನೂ ಒಟ್ಟಿಗೆ ಒತ್ತಿದೆ. ಏನೂ ಆಗಲಿಲ್ಲ.

ಮತ್ತೊಮ್ಮೆ ಒತ್ತಿದೆ. ಸ್ಕ್ರೀನ್ ರೀಡರ್ ತುಟಿ ಪಿಟಕ್ಕೆನ್ನಲಿಲ್ಲ.

ಹೊಸಬರಿಗೆ ಹೇಳಿಬಿಡುತ್ತೇನೆ. ನನಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಭಾಲ್ಕಿಯ ಒಂದು ಕಚೇರಿಯಲ್ಲಿ ಕೆಲಸ, ಬೀದರಿನ ಚಿದ್ರಿಯಲ್ಲಿ ಅಣ್ಣನ ಜೊತೆ ಮನೆ. ಕಂಪ್ಯೂಟರ್ ಪರದೆಯ ಮೇಲಿನದ್ದನ್ನು ಓದಿ ಹೇಳುತ್ತದೆ, ನಾನು ಕೇಳಿ ಟೈಪ್ ಮಾಡುತ್ತೇನೆ.

ಆ ಮೂರು ಕೀ ಒತ್ತಿದರೆ ನನ್ನ ಆಟ ತೆರೆಯಬೇಕು. ಚಿತ್ರವಿಲ್ಲದ, ಬರೀ ಅಕ್ಷರಗಳ ಆನ್‌ಲೈನ್ ಲೋಕ ಅದು. 'ನೀನು ಹಳೆಯ ಸೇತುವೆಯ ಮೇಲಿದ್ದೀಯ, ಉತ್ತರಕ್ಕೆ ಕೋಟೆಯ ಬಾಗಿಲು' ಅಂತ ಇಂಗ್ಲಿಷಿನಲ್ಲಿ ಬರುತ್ತದೆ. ನಾರ್ತ್ ಅಂತ ಟೈಪ್ ಮಾಡಿದರೆ ನಡೆದು ಹೋಗುತ್ತೀರಿ. ಅಲ್ಲಿ ಕಣ್ಣಿದ್ದವರಿಗೂ ನನಗೂ ಒಂದೇ ದಾರಿ.

ಡೆಸ್ಕ್‌ಟಾಪ್ ಹುಡುಕಿದೆ. ನನ್ನ ಆರು ಶಾರ್ಟ್‌ಕಟ್‌ಗಳಲ್ಲಿ ಒಂದೂ ಇಲ್ಲ.

ಹಿಂದಿನ ದಿನ ಒಂದು ಕೀ ಅಂಟಿಕೊಳ್ಳುತ್ತಿದೆ ಅಂತ ಅಣ್ಣ ಗಾಂಧಿ ಗಂಜಿನ ಹತ್ತಿರ ರಿಪೇರಿಗೆ ಕೊಟ್ಟು ತಂದಿದ್ದ. ಅವನಿಂದಲೇ ಅಂಗಡಿಯವನಿಗೆ ಫೋನ್ ಹಚ್ಚಿಸಿ, ಸ್ಪೀಕರ್‌ನಲ್ಲಿ ನಾನೇ ಕೇಳಿದೆ. ಉತ್ತರ ಮಾತ್ರ ಅಣ್ಣನಿಗೆ ಹೋಯಿತು.

"ಅಣ್ಣೋರೆ, ಕ್ಲೀನ್ ಮಾಡೀನ್ರಿ. ಆ ಐಕಾನ್ ಒತ್ತಿದ್ರ ಕರೀ ಪರದಾ ಬಂದು ಅಕ್ಷರ ಓಡ್ತಿದ್ವು. ವೈರಸ್ ಅಂತ ತೆಗದು ಹಾಕೀನ್ರಿ. ಹ್ಯಾಂಗೂ ಅಕ್ಕೋರಿಗಿ ಕಾಣಂಗಿಲ್ಲ, ಡೆಸ್ಕ್‌ಟಾಪ್ ಮ್ಯಾಲ ಇಷ್ಟೆಲ್ಲ ಯಾಕ ಬೇಕ್ರಿ?"

ಮೈಯೆಲ್ಲ ಉರಿದುಹೋಯಿತು. ಲ್ಯಾಪ್‌ಟಾಪ್ ನನ್ನದು, ಮಾತಾಡುತ್ತಿರುವವಳು ನಾನು!

ಅಣ್ಣ ಒಳ್ಳೆಯವನೇ. ಆದರೆ ಅವನೂ, "ನಾಳಿ ಬಂದು ಹಾಕಿ ಕೊಡ್ತಾನ ಬಿಡವ್ವ. ಆಟಾನೇ ಅಲ್ಲೇನು?" ಅಂದುಬಿಟ್ಟ.

ನಾಳೆಯವರೆಗೆ ಬಿಡುವಂತಿರಲಿಲ್ಲ. ನಾಲ್ಕು ಗಂಟೆಗೆ ಆಟದೊಳಗೆ ಸೇರೋಣ ಅಂತ ಔರಾದಿನಲ್ಲಿ ಮಹಾನಂದಾ ಕಾಯುತ್ತಿದ್ದಳು.

ಫೋನಿನಲ್ಲಿ ನನ್ನ ಹತ್ತಿರ ಕಂಪ್ಯೂಟರ್ ಕಲಿಯುತ್ತಿರುವ ಮಹಾನಂದಾ ಕುರಿ ಸಾಕುವ ಮನೆಯವಳು. ಹಿಂಡಿನ ಹಿಂದೆ ಗುಡ್ಡವೆಲ್ಲ ತಿರುಗಿದವಳು. ಎರಡು ವರ್ಷದ ಹಿಂದೆ ಕಣ್ಣು ಹೋದ ಮೇಲೆ ಅವಳ ಅವ್ವ ಹೊಸ್ತಿಲು ದಾಟಲು ಬಿಟ್ಟಿಲ್ಲ. ಅಂಗಳಕ್ಕೆ ಹೋಗಬೇಕಾದರೂ ಯಾರಾದರೂ ಕೈ ಹಿಡಿಯಬೇಕು.

ನಾನು ಮೆಹಕರದ ನಮ್ಮ ಹೊಲದ ಬದುವಿನ ಮೇಲೆ ಹೆಜ್ಜೆ ಎಣಿಸುತ್ತ ಒಬ್ಬಳೇ ಓಡಾಡಿ ಬೆಳೆದವಳು. ಅವಳ ಕತೆ ಕೇಳಿದಾಗ ನನಗೇ ಉಸಿರು ಕಟ್ಟಿತ್ತು.

ಆಟದ ವಿಷಯ ಹೇಳಿದ್ದೆ. ಹಿಂದಿನ ವಾರ ಔರಾದಿಗೆ ಹೋಗಿ, ನನ್ನ ಶಾರ್ಟ್‌ಕಟ್ಟನ್ನೇ ಪೆನ್ ಡ್ರೈವ್‌ನಲ್ಲಿ ಒಯ್ದು ಅವಳ ಕಂಪ್ಯೂಟರಿಗೆ ಹಾಕಿ, ಪೆನ್ ಡ್ರೈವನ್ನೂ ಅಲ್ಲೇ ಬಿಟ್ಟು ಬಂದಿದ್ದೆ. "ನೀ ಬರ್ಲಿಲ್ಲಂದ್ರ ನಾ ಒಳಗ ಹೋಗಂಗಿಲ್ಲ ಅಕ್ಕಾ," ಅಂದಿದ್ದಳು.

ಈಗ ನನ್ನ ತಪ್ಪನ್ನೂ ಹೇಳಬೇಕು. ನನ್ನ ಶಾರ್ಟ್‌ಕಟ್‌ಗಳನ್ನು ಐದು ವರ್ಷದ ಹಿಂದೆ ಕಚೇರಿಯ ಗೆಳತಿ ಮಾಡಿಕೊಟ್ಟದ್ದು. ಒಳಗೆ ಯಾವ ವಿಳಾಸ ಇದೆ, ಯಾವ ನಂಬರ್ ಇದೆ ಅಂತ ನಾನು ಒಮ್ಮೆಯೂ ಕೇಳಿರಲಿಲ್ಲ. ಸುಮ್ಮನೆ ಒತ್ತುತ್ತ ಬಂದಿದ್ದೆ. ನನ್ನದನ್ನು ಇನ್ನೊಬ್ಬರ ಕೈಯಲ್ಲಿ ಬಿಟ್ಟವಳು ನಾನೇ...

ಗೆಳತಿಯ ಫೋನ್ ಸ್ವಿಚ್ ಆಫ್. ಆಗ ಹೊಳೆಯಿತು, ವಿಳಾಸ ಮಹಾನಂದಾಳ ಹತ್ತಿರ ಇದೆ!

ಫೋನ್ ಮಾಡಿದೆ. ಅವಳನ್ನು ಐಕಾನ್ ಮೇಲೆ ನಿಲ್ಲಿಸಿ ಆಲ್ಟ್, ಎಂಟರ್ ಒತ್ತಿಸಿದೆ. ವಿಳಾಸ ಇರುವ, ಟಾರ್ಗೆಟ್ ಅನ್ನುವ ಸಾಲಿನ ಮೇಲೆ ಬಾಣದ ಕೀ ಒತ್ತುತ್ತ, ಒಂದೊಂದೇ ಅಕ್ಷರ ಕೇಳಿ ಅವಳು ಹೇಳಿದಳು. ನಾನು ಟೈಪ್ ಮಾಡಿಕೊಂಡೆ. ಕಲಿಸಬೇಕಾದವಳು ನಾನು, ಕಲಿಸುತ್ತಿದ್ದವಳು ಅವಳು.

ಆಮೇಲೆ ನ್ಯೂ, ಶಾರ್ಟ್‌ಕಟ್, ಅವಳು ಹೇಳಿದ ಸಾಲು, ಹೆಸರು, ಫಿನಿಶ್. ಎಂಟರ್ ಒತ್ತಿದೆ. ಆಟದ ಕಿಟಕಿ ತೆರೆದು ಹಾಗೇ ಮುಚ್ಚಿಕೊಂಡಿತು.

ಮೂರು ಸಲ ಹಾಗೇ ಆಯಿತು. ಗಂಟೆ ಮೂರೂ ಮುಕ್ಕಾಲು.

"ಮಹಾನಂದಾ, ವಿಳಾಸ ಮುಗದ ಮ್ಯಾಲ, ನಂಬರ್‌ಕಿಂತ ಮೊದ್ಲ ಕಂಪ್ಯೂಟರ್ ಏನರೆ ಅಂತದೇನು?"

"ಸ್ಪೇಸ್ ಅಂತದ ಅಕ್ಕಾ. ಖಾಲೀನೇ ಅಲ್ಲೇನು ಅಂತ ಬಿಟ್ಟೀನಿ."

ಇಬ್ಬರೂ ನಕ್ಕೆವು. ಕಣ್ಣಿದ್ದವರಿಗೆ ಆ ಖಾಲಿ ಜಾಗ ತಾನಾಗಿ ಕಾಣುತ್ತದೆ. ನಮಗೆ ಅದನ್ನೂ ಯಾರಾದರೂ ಬಾಯಿ ಬಿಟ್ಟು ಹೇಳಬೇಕು.

ಸ್ಪೇಸ್ ಹಾಕಿದೆ. ತೆರೆಯಿತು! ಹಳೆಯ ಮೂರು ಕೀಗಳನ್ನೂ ಅದಕ್ಕೇ ಕೊಟ್ಟೆ.

ನಾಲ್ಕಕ್ಕೆ ಇಬ್ಬರೂ ಸೇತುವೆಯ ಮೇಲಿದ್ದೆವು. ನಾನು ಮುಂದೆ ಹೋಗುತ್ತೇನೆ, ನೀನು ಹಿಂದೆ ಬಾ ಅಂತ ಟೈಪ್ ಮಾಡುತ್ತಿದ್ದೇನೆ... ಅಷ್ಟರಲ್ಲಿ ನನ್ನ ಸ್ಕ್ರೀನ್ ರೀಡರ್ ಓದುತ್ತಿದೆ, ಮಹಾನಂದಾ ಉತ್ತರಕ್ಕೆ ಹೋದಳು ಅಂತ.

ಹೇಳದೆ, ಕೇಳದೆ, ಕೈ ಹಿಡಿಯದೆ ಹೋಗಿಬಿಟ್ಟಿದ್ದಾಳೆ.

ಫೋನ್ ಇನ್ನೂ ಚಾಲೂ ಇತ್ತು. "ಅಕ್ಕಾ, ನಾ ಒಬ್ಬಾಕಿನೇ ದಾಟೀನಿ," ಅಂದಳು. ಹಿಂದಿನಿಂದ ಅವಳ ಅವ್ವ ಗಾಬರಿಯಿಂದ, "ಎಲ್ಲಿಗಿ ಹೊಂಟೀದಿ?" ಅನ್ನುವುದು ಕೇಳಿಸಿತು. ನನಗೆ ಅಳು ತಡೆಯಲಾಗಲಿಲ್ಲ.

ಸೋಮವಾರ ಸಂಜೆ ರಿಪೇರಿಯವನು ಮನೆಗೆ ಬಂದ. "ಅಣ್ಣೋರೆ, ಅಕ್ಕೋರಿಗಿ ಏನೇನು ಬೇಕಂತ ಕೇಳ್ರಿ," ಅಂದ.

ಅಣ್ಣ ಲ್ಯಾಪ್‌ಟಾಪನ್ನು ನನ್ನ ಮುಂದೆ ಸರಿಸಿದ. ನಾನು ಕಂಟ್ರೋಲ್, ಆಲ್ಟ್, ಎಂ ಒತ್ತಿದೆ. ಅವನು ಹೇಳಿದ್ದ ಕರಿ ಪರದೆಯೇ ಬಂದಿರಬೇಕು, ಸ್ಕ್ರೀನ್ ರೀಡರ್ ಓದತೊಡಗಿತು.

"ಇದ ಆ ವೈರಸ್ ನೋಡ್ರಿ. ನಾನೇ ಹಾಕೀನಿ. ಇನ್ನ ಮ್ಯಾಲ ಏನರೆ ಕೇಳೂದಿದ್ರ ನನಗ ಕೇಳ್ರಿ," ಅಂದೆ.

ಹೊರಡುವಾಗ ಅವನು ಮೊದಲ ಸಲ ನನಗೇ, "ಬರ್ತೀನ್ರಿ ಅಕ್ಕೋರೆ," ಅಂದ. ಈಗ ನನ್ನ ಡೆಸ್ಕ್‌ಟಾಪ್ ಮೇಲೆ ಹತ್ತು ಶಾರ್ಟ್‌ಕಟ್ ಇವೆ, ಹತ್ತರ ವಿಳಾಸವೂ ಬಾಯಿಪಾಠ.

ನಿಮ್ಮ ಮನೆಯಲ್ಲಿ ನಮ್ಮಂಥವರಿದ್ದರೆ, ಅವರ ವಸ್ತು ಮುಟ್ಟುವ ಮೊದಲು ನೀವು ಯಾರನ್ನು ಕೇಳುತ್ತೀರಿ?