ಉಡಿಯಿಂದ ತೆಗೆದ ಕಾಯಿ

ತವರಿನಿಂದ ತಂದ ತೆಂಗಿನಕಾಯಿಗಳ ಸಿಪ್ಪೆ ಸುಲಿಯುತ್ತಿದ್ದೆ. ಹಸಿ ನಾರಿನ ವಾಸನೆ ಮೂಗಿಗೆ ಬಡಿದದ್ದೇ ತಡ, ಹಡಗಿನ ಕಾಕಾ ನೆನಪಾದರು. ನಾಳೆ ಮಗಳ ಕುಬಸ. ಬಸುರಿಯ ಉಡಿ ತುಂಬುವಾಗ ಅವರಲ್ಲದೆ ಇನ್ನಾರು ನೆನಪಾದಾರು...

ರಾಯಚೂರಿನಲ್ಲಿ ನನ್ನ ತವರಿನ ಗೋಡೆಗೆ ಗೋಡೆ ಹತ್ತಿದ ಮನೆ ಅವರದು. ಹುಟ್ಟಿದ್ದು ಮಾನ್ವಿ ಕಡೆಯ ಕಲ್ಲೂರಿನಲ್ಲಿ. ಅಂಥವರು ಅದು ಹೇಗೋ ಸರಕು ಹಡಗಿನ ಅಡುಗೆಯವರಾಗಿ ದೇಶ ಸುತ್ತಿ ಬಂದಿದ್ದರು. ಅವರ ಕಥೆಗಳಲ್ಲಿ ಮೀನು ಪ್ರತಿ ಸಲವೂ ಒಂದು ಮೊಳ ಬೆಳೆಯುತ್ತಿತ್ತು. ಆದರೆ ತೆಂಗಿನಕಾಯಿ ಮಾತ್ರ ಮುಟ್ಟುತ್ತಿರಲಿಲ್ಲ. ಗುಡಿಯ ಪ್ರಸಾದವನ್ನೂ ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಹಾಕುತ್ತಿದ್ದರು. ಹಲ್ಲಿಲ್ಲದ್ದಕ್ಕೆ ನೆಪ ಎಂದು ನಾವು ನಗುತ್ತಿದ್ದೆವು.

ನನ್ನ ಕುಬಸ ನಡೆದದ್ದು ಇಲ್ಲೇ, ದೇವದುರ್ಗದ ಗಂಡನ ಮನೆಯಲ್ಲಿ. ಅದಕ್ಕೂ ಮೊದಲು ಎರಡು ಬಸಿರು ಕಳೆದುಕೊಂಡಿದ್ದೆ. ಎಲ್ಲರ ಜೀವ ಕೈಯಲ್ಲಿತ್ತು. ಅತ್ತೆ ಅಕ್ಕಿ, ಅರಿಷಿಣದ ಬೇರು, ಕಾಯಿ ಉಡಿಗೆ ಹಾಕಿದ್ದೇ, ತವರಿನವರ ಜೊತೆ ಬಂದಿದ್ದ ಕಾಕಾ ಎದ್ದು ಬಂದು ಕಾಯಿಯನ್ನು ಎತ್ತಿಕೊಂಡುಬಿಟ್ಟರು. ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದರು.

"ಏನ್ ಮಾಡಿದ್ರೀ ಇದು? ತುಂಬಿದ ಉಡಿ ಬರಿದು ಮಾಡ್ತಾರೇನ್ರೀ?" ಅತ್ತೆಯ ದನಿ ಒಡೆದಿತ್ತು.

"ತಪ್ಪಾತ್ರೀ ಯವ್ವಾ" ಎಂದ ಕಾಕಾ ಕಾಯಿಯನ್ನು ಮರಳಿ ಉಡಿಗಿಟ್ಟು ಹೊರಗೆ ಹೋದರು.

ನನಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚು ಹೆದರಿಕೆ. ಶಾಸ್ತ್ರ ಮುಗಿದದ್ದೇ ಕಟ್ಟೆಯ ಮೇಲೆ ಕೂತಿದ್ದ ಕಾಕಾರ ಎದುರು ಹೋಗಿ ನಿಂತೆ. ಆಗ ಹೇಳಿದರು. ದೂರದ ಸಮುದ್ರದ ದ್ವೀಪವೊಂದಕ್ಕೆ ಅವರ ಹಡಗು ಅಕ್ಕಿ ಒಯ್ದಿತ್ತಂತೆ. ಅಲ್ಲಿ ಎತ್ತ ನೋಡಿದರೂ ತೆಂಗು, ತಿನ್ನುವಂತಿಲ್ಲ. ಎಂದೋ ದೊಡ್ಡ ದೇಶದವರು ಆ ಸಮುದ್ರದಲ್ಲಿ ಅಣುಬಾಂಬು ಸಿಡಿಸಿ ಪರೀಕ್ಷೆ ಮಾಡಿದ್ದರು. ದ್ವೀಪದ ಮೇಲೆ ಬಿಳಿ ಪುಡಿ ಉದುರಿತ್ತು. ಮಕ್ಕಳು ಅದರಲ್ಲಿ ಆಡಿದ್ದವು. ಆ ವಿಷ ಮಣ್ಣಿಗಿಳಿದು, ಮಣ್ಣಿನಿಂದ ಕಾಯಿಗೆ ಏರಿತ್ತು.

"ಹಂಗ ಆಡಿದಾಕಿ ಒಬ್ಬಾಕಿ ಸಿಕ್ಕಿದ್ಳು ಯವ್ವಾ. ಹಡೆದದ್ದು ಒಂದೂ ಉಳೀಲಿಲ್ಲ ಅಂದ್ಳು. ನಿನ್ನ ಉಡ್ಯಾಗ ಕಾಯಿ ನೋಡಿದ ಕೂಡ್ಲೇ ಆಕೀನೇ ಕಂಡ್ಳು..."

"ನಮ್ಮ ಕಾಯಿಗೆ ಏನಾಗ್ಯಾದ ಕಾಕಾ?"

"ಏನೂ ಆಗಿಲ್ಲ. ತಲಿಗಿ ಗೊತ್ತದ, ಈ ಕೈಗಿ ಗೊತ್ತಿಲ್ಲ ನೋಡು."

ಮಗಳು ಸುಖವಾಗಿ ಹುಟ್ಟಿದಳು. ಕೂಸನ್ನೆತ್ತಿಕೊಂಡು ಕಾಕಾ ಅತ್ತುಬಿಟ್ಟರು. ನಾನು ತವರಿನಲ್ಲಿ ಬಾಣಂತಿಯಾಗಿದ್ದಾಗಲೇ ನಮ್ಮ ಹಿತ್ತಲಲ್ಲಿ ತೆಂಗಿನ ಸಸಿ ನೆಟ್ಟರು.

"ಈ ಮಣ್ಣು ನಂಗ ಗೊತ್ತದ. ಇದರ ಕಾಯಿ ನಿನ್ನ ಮಗಳ ಉಡಿಗಿ ಹಾಕು. ಮದಲ ನಾ ತಿಂದು ನೋಡ್ತೀನಿ" ಎಂದಿದ್ದರು.

ಮರ ಫಲ ಬಿಡುವ ಹೊತ್ತಿಗೆ ಅವರಿರಲಿಲ್ಲ. ತವರಿನವರು ಅದರ ಚಟ್ನಿ ತಿಂದುಕೊಂಡು ಗುಂಡುಕಲ್ಲಿನ ಹಾಗಿದ್ದಾರೆ. ಆದರೂ ನನ್ನ ಮನಸ್ಸು ಕೇಳಲಿಲ್ಲ. ಸುಲಿದ ಆ ಮರದ ಕಾಯಿಗಳಲ್ಲಿ ಒಂದನ್ನು ಉಡಿಗೆಂದು ತೆಗೆದಿಟ್ಟು, ಇನ್ನೊಂದನ್ನು ಒಡೆದೆ. ಕಾಕಾ ತಿನ್ನಬೇಕಾಗಿದ್ದ ಚೂರನ್ನು ನಾನೇ ಬಾಯಿಗೆ ಹಾಕಿಕೊಂಡೆ.

ಸಿಹಿಯಾಗಿತ್ತು. ಆ ದ್ವೀಪದ ಹೆಂಗಸಿನ ಅಂಗಳದ ಕಾಯಿಯೂ ಸಿಹಿಯಾಗೇ ಇತ್ತಂತೆ...