ತಾರಾಬಾಯಿ ಎಳೆದ ಎರಡು ಗೆರೆ

ತಾರಾಬಾಯಿಯವರ ಕೊರಳಲ್ಲಿ ಒಂದು ಹಿತ್ತಾಳೆಯ ಸೀಟಿ ಇತ್ತೆಂದು ನಾನು ವರ್ಷಗಟ್ಟಲೆ ಹೇಳುತ್ತ ಬಂದಿದ್ದೇನೆ. ಒಂಬತ್ತು ಗಜದ ಸೀರೆಯ ಕಚ್ಚೆ ಬಿಗಿದು, ಬರಿಗಾಲಲ್ಲಿ, ಬೀದರಿನ ಕೆಂಪು ನೆಲದ ಮೇಲೆ ಹುಡುಗಿಯರ ಸರಿಸಮ ಅವರು ಓಡುವಾಗ ಆ ಸೀಟಿ ಎದೆಯ ಮೇಲೆ ಕುಣಿಯುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಅವರ ಕೈಕೆಳಗೆ ಆಡಿದ ಹೆಣ್ಣುಮಗಳೊಬ್ಬಳು ಈಚೆಗೆ ಸಿಕ್ಕಾಗ, ಸೀಟಿ ಎಲ್ಲಿತ್ತು, ಬಾಯಿ ಚಪ್ಪಾಳೆ ಹೊಡೆಯುತ್ತಿದ್ದರಲ್ಲ ಎಂದಳು. ಅವಳು ಹಾಗೆಂದ ಕೂಡಲೇ ನನಗೆ ಚಪ್ಪಾಳೆಯೂ ಕೇಳಿಸಿತು. ನನ್ನ ನೆನಪಿನ ಯೋಗ್ಯತೆ ಇಷ್ಟು. ಮುಂದೆ ಬರೆಯುವುದರಲ್ಲಿ ನಡೆದದ್ದು ಯಾವುದು, ಹೇಳಿ ಹೇಳಿ ನಾನೇ ನಡೆಸಿದ್ದು ಯಾವುದು ಎಂದು ಆದಷ್ಟು ಬೇರ್ಪಡಿಸಲು ನೋಡುತ್ತೇನೆ. ಪೂರ್ತಿ ಸಾಧ್ಯವಾದೀತೆಂದು ಮಾತು ಕೊಡಲಾರೆ.

ಪೊಲೀಸ್ ಆ್ಯಕ್ಷನ್ ಆಗಿ ಮೂರು ವರ್ಷವಾಗಿತ್ತು. ನಿಜಾಮರ ದರ್ಬಾರು ಹೋಗಿದ್ದರೂ ಹೈದರಾಬಾದ್ ರಾಜ್ಯ ಇನ್ನೂ ಇತ್ತು; ಕಚೇರಿಯ ಕಾಗದಗಳು ಉರ್ದುವಿನಲ್ಲೇ ಓಡಾಡುತ್ತಿದ್ದವು. ನಾನು ಹಲಬರ್ಗಾದವನು. ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ ಬೀದರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಮಾಸ್ತರನಾಗಿ ಬಂದಿದ್ದೆ. ದೇವರಲ್ಲಾಗಲಿ ಕಸರತ್ತಿನಲ್ಲಾಗಲಿ ನಂಬಿಕೆ ಇರಲಿಲ್ಲ. ಇಂಗ್ಲಿಷ್ ಬಲ್ಲವನೆಂಬ ಒಂದೇ ಕಾರಣಕ್ಕೆ ಬಾಸ್ಕೆಟ್‌ಬಾಲಿನ ಅಂಕ ಬರೆಯುವುದನ್ನೂ ಆಟದ ಕಾಗದಪತ್ರ ನೋಡುವುದನ್ನೂ ನನ್ನ ತಲೆಗೆ ಕಟ್ಟಿದ್ದರು.

ಆಟ ಕಲಿಸುವವರು ತಾರಾಬಾಯಿ. ಊರೆಲ್ಲ ಅವರನ್ನು ಡ್ರಿಲ್ ಬಾಯಿ ಎನ್ನುತ್ತಿತ್ತು. ಖಟಕ ಚಿಂಚೋಳಿಯ ಕಡೆಯವರು, ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡ. ವಯಸ್ಸು ಮೂವತ್ತೈದರ ಆಸುಪಾಸು. ಮದುವೆಗೆ ಮುಂಚೆ ಹೈದರಾಬಾದಿನ ಯಾವುದೋ ಮಿಷನ್ ಶಾಲೆಯ ಹಾಸ್ಟೆಲಿನಲ್ಲಿ ಕೆಲಸಕ್ಕಿದ್ದಾಗ, ಅಲ್ಲಿಯ ವಿಲಾಯತಿ ಮೇಡಂ ಹುಡುಗಿಯರಿಗೆ ಕಲಿಸುತ್ತಿದ್ದ ಆಟವನ್ನು ಮೊದಲು ನೋಡಿ, ಆಮೇಲೆ ಆಡಿ ಕಲಿತಿದ್ದರು. ಸರ್ಟಿಫಿಕೇಟ್ ಇರಲಿಲ್ಲ, ಇಂಗ್ಲಿಷ್ ಬರುತ್ತಿರಲಿಲ್ಲ.

ಪೊಲೀಸ್ ಆ್ಯಕ್ಷನ್ನಿನ ಗಲಾಟೆಯ ವರ್ಷ ಅವರ ಗಂಡ ಭಾಲ್ಕಿಗೆಂದು ಹೋದವನು ತಿರುಗಿ ಬರಲಿಲ್ಲ. ಯಾರು ಏನು ಮಾಡಿದರು ಎಂಬುದಕ್ಕೆ ನಮ್ಮ ಸ್ಟಾಫ್ ರೂಮಿನಲ್ಲಿ ಮೂರು ಕತೆಗಳಿದ್ದವು. ಹೇಳುವವರು ಯಾರ ಕಡೆಯವರೋ ಕತೆಯೂ ಆ ಕಡೆಗೇ ವಾಲುತ್ತಿತ್ತು. ನಾನು ಒಮ್ಮೆ ನೇರವಾಗಿ ಅವರನ್ನೇ ಕೇಳಿದೆ. ಹಾಗೆ ಕೇಳಬಾರದೆಂಬ ತಿಳಿವಳಿಕೆ ಆ ವಯಸ್ಸಿನಲ್ಲಿ ಇರಲಿಲ್ಲ.

“ನಾ ನೋಡಿಲ್ಲರಿ ಮಾಸ್ತರ,” ಎಂದರು. “ನೋಡಲಾರದ್ದು ಹ್ಯಾಂಗ ಹೇಳ್ಲಿ? ಮುಂಜಾನಿ ರೊಟ್ಟಿ ಕಟಗೊಂಡು ಹೋದರು. ಅಷ್ಟೇ ನನಗ ಗೊತ್ತಿದ್ದದ್ದು.”

ಅವರ ಸಂಬಳದ ಮೇಲೆ ಮುದಿ ಅತ್ತೆ ಮತ್ತು ಒಬ್ಬ ಮಗಳು ಬದುಕಿದ್ದರು. ಆದರೆ ಆ ನೌಕರಿ ಕಾಯಂ ಅಲ್ಲ. ಮೂರು ಮೂರು ತಿಂಗಳಿಗೆ ಹೊಸ ಆರ್ಡರ್ ಬರಬೇಕು. ಆ ಸಲ ಇನ್‌ಸ್ಪೆಕ್ಟ್ರೆಸ್ ಮೇಡಂ ಸ್ಪಷ್ಟವಾಗಿ ಹೇಳಿ ಕಳಿಸಿದ್ದರು: ಗುಲ್ಬರ್ಗಾದ ಹುಡುಗಿಯರು ಬೀದರಿಗೆ ಆಡಲು ಬರುತ್ತಾರೆ, ಆ ದಿನ ತಾವೂ ಬರುತ್ತಾರೆ, ಆಟ ನೋಡಿ, ಸರ್ಟಿಫಿಕೇಟ್ ಇಲ್ಲದ ಈ ಹೆಂಗಸನ್ನು ಇಟ್ಟುಕೊಳ್ಳುವುದೋ ತೆಗೆಯುವುದೋ ಬರೆದು ಕಳಿಸುತ್ತಾರೆ.

ತಾರಾಬಾಯಿ ಕಲಿಸುತ್ತಿದ್ದ ಆಟ ಇಂದಿನವರು ಕಂಡರಿಯದ ಆಟ. ಒಂದು ತಂಡಕ್ಕೆ ಆರು ಜನ. ದಿನಾ ಬೆಳಿಗ್ಗೆ ಅವರು ಒಂದು ಚೊಂಬು ಸುಣ್ಣದ ನೀರು ಹಿಡಿದು, ಬಗ್ಗಿ, ಹಿಂದೆ ಹಿಂದೆ ನಡೆಯುತ್ತ ಅಂಗಳಕ್ಕೆ ಅಡ್ಡಲಾಗಿ ಎರಡು ಗೆರೆ ಎಳೆಯುತ್ತಿದ್ದರು. ಅಂಗಳ ಮೂರು ಭಾಗವಾಗುತ್ತಿತ್ತು. ಕಾಯುವವರಿಬ್ಬರು ಹಿಂದೆ, ನಡುವಿನವರಿಬ್ಬರು ನಡುವೆ, ಎಸೆಯುವವರಿಬ್ಬರು ಮುಂದೆ. ತನ್ನ ಭಾಗದ ಗೆರೆಯನ್ನು ಯಾರೂ ದಾಟುವಂತಿಲ್ಲ. ಚೆಂಡನ್ನು ನೆಲಕ್ಕೆ ಬಡಿಯುತ್ತ ಓಡುವಂತಿಲ್ಲ, ಒಂದೇ ಸಲ ಬಡಿಯಬಹುದು. ವಿಲಾಯತಿ ಮೇಡಂ ಕಲಿಸಿದ್ದು ಹಾಗೆ. ಹೆಣ್ಣುಮಕ್ಕಳಿಗೆ ಹೆಚ್ಚು ಓಟ ಆಗದು ಎಂಬುದು ಆ ಕಾಲದ ವಿಲಾಯತಿಯ ಎಣಿಕೆಯಾಗಿತ್ತಂತೆ.

ರಿಂಗುಗಳು ಕಮ್ಮಾರನು ಬಡಿದುಕೊಟ್ಟ ಡ್ರಮ್ಮಿನ ಬಾಯಿಪಟ್ಟಿಗಳು. ಅವಕ್ಕೆ ಜಾಲರಿ ಇರಲಿಲ್ಲ. ಹೀಗಾಗಿ ಚೆಂಡು ಒಳಗಿನಿಂದ ಬಿತ್ತೋ ಪಕ್ಕದಿಂದ ಸರಿಯಿತೋ ಎಂದು ದೂರದಿಂದ ಹೇಳಲು ಬರುತ್ತಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಒಬ್ಬಳನ್ನು ರಿಂಗಿನ ಕೆಳಗೆ ನಿಲ್ಲಿಸುತ್ತಿದ್ದರು. ತಾರಾಬಾಯಿ ಎಸೆದವಳನ್ನೇ ಕೇಳುತ್ತಿದ್ದರು. ಅವಳು ಒಳಗೆ ಎಂದರೆ ಒಳಗೆ, ಹೊರಗೆ ಎಂದರೆ ಹೊರಗೆ. ಎದುರು ಮಾತಿಲ್ಲ. ಇದು ಮೂರ್ಖತನ ಎಂದು ನಾನು ವಾದಿಸಿದೆ. ಎಲ್ಲರೂ ಸುಳ್ಳು ಹೇಳುತ್ತಾರೆ ಎಂದೆ. ಮೊದಲ ವಾರ ಹೇಳ್ತಾರರಿ, ಆಮ್ಯಾಗ ಬ್ಯಾಸರ ಬರ್ತದ ಎಂದು ನಕ್ಕರು. ಅಂಕಪುಸ್ತಕ ನನ್ನ ಕೈಯಲ್ಲಿತ್ತು. ಮೊದಲ ವಾರ ಅಂಕಗಳು ಹೇರಳವಾಗಿದ್ದವು. ತಿಂಗಳು ಕಳೆಯುವುದರೊಳಗೆ ಇಳಿದವು. ಇಷ್ಟನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ಅವರ ಇನ್ನೊಂದು ಪದ್ಧತಿ ಊರಲ್ಲಿ ರಗಳೆ ಎಬ್ಬಿಸಿತು. ಚೆಂಡು ಕೈತಪ್ಪಿದ ಹುಡುಗಿ ಬಾಯಿಬಿಟ್ಟರೆ ಮೊದಲು ಬರುವುದು ‘ತಪ್ಪಾಯ್ತು’. ಅದನ್ನು ಅವರು ಅಂಗಳದಲ್ಲಿ ನಿಷೇಧಿಸಿದ್ದರು. “ತಪ್ಪಾಯ್ತು ಅಂದ್ರ ನನಗೇನು ತಿಳೀತದ? ಏನಾತು ಹೇಳು.” ಆಗ ಹುಡುಗಿ ಯೋಚಿಸಿ ಹೇಳಬೇಕು: ಕಣ್ಣು ಚೆಂಡಿನ ಮೇಲಿರಲಿಲ್ಲ, ಬೆರಳು ಮುಚ್ಚಿದ್ದವು, ಅವಳು ಅತ್ತ ಹೋದಳೆಂದು ತಿಳಿದೆ. ಹೇಳಿದ ಮೇಲೆ ಬೈಗುಳ ಇಲ್ಲ. ಮತ್ತೆ ಆಟ.

ತಂಡದಲ್ಲಿ ಎಲ್ಲರಿಗಿಂತ ಎತ್ತರದವಳು ಕಾಶಮ್ಮ. ಅವಳ ಅಪ್ಪ ಭಾತಂಬ್ರಾದವರು, ಬೀದರಿನ ಚೌಬಾರಾ ಗೋಪುರದ ಹತ್ತಿರ ಕಿರಾಣಿ ಅಂಗಡಿ ಇಟ್ಟಿದ್ದರು. ವಿಭೂತಿ ಅಳಿಸದ, ದನಿ ಏರಿಸದ ಮನುಷ್ಯ. ಒಂದು ದಿನ ಅವರು ಅಂಗಳಕ್ಕೇ ಬಂದು ನಿಂತರು.

“ಬಾಯಾರ, ನನ್ನ ಮಗಳಿಗಿ ಏನ್ ಕಲಸೀರಿ? ನಿನ್ನಿ ಮನ್ಯಾಗ ಹಾಲು ಉಕ್ಕಿತು. ಅವರವ್ವ ಕೇಳಿದ್ರ ತಪ್ಪಾಯ್ತವ್ವಾ ಅನಬೇಕೋ ಬ್ಯಾಡೋ? ‘ಉರಿ ಭಾಳ ಇತ್ತು, ನಾ ಬಾಗಲದಾಗ ನಿಂತು ರಸ್ತಾ ನೋಡ್ಲಿಕತ್ತಿದ್ದೆ’ ಅಂತಾಳ. ಸಾಕ್ಷಿ ಹೇಳಿದಂಗ.”

“ಖರೇನೇ ಹೇಳ್ಯಾಳಲ್ಲರಿ.”

“ಖರೆ ಯಾರು ಕೇಳ್ಯಾರ್ರಿ ಮನ್ಯಾಗ?”

“ಇವತ್ತು ಹಾಲು ಉಕ್ಕ್ಯದೇನ್ರಿ?”

ಆ ಮನುಷ್ಯ ಇಲ್ಲ ಎಂದರು. ಮಗಳನ್ನು ಬಿಡಿಸಿಕೊಂಡು ಹೋಗಲು ಬಂದವರು ಅವಳ ಆಟ ಮುಗಿಯುವವರೆಗೆ ಅಂಚಿನ ಕಲ್ಲಿನ ಮೇಲೆ ಕೂತು, ಅವಳ ಜೊತೆಗೇ ಮನೆಗೆ ಹೋದರು.

ಈಗ ನನ್ನ ಭಾಗಕ್ಕೆ ಬರುತ್ತೇನೆ. ಗುಲ್ಬರ್ಗಾದವರು ಬರುವ ಎರಡು ವಾರ ಮುಂಚೆ ಹೈದರಾಬಾದಿನಿಂದ ಇಂಗ್ಲಿಷಿನ ಒಂದು ತೆಳ್ಳಗಿನ ನಿಯಮಪುಸ್ತಕ ನನ್ನ ಹೆಸರಿಗೆ ಬಂತು. ಇನ್ನು ಮೇಲೆ ಹೆಣ್ಣುಮಕ್ಕಳೂ ಐದೇ ಜನ ಆಡಬೇಕು, ಅಡ್ಡಗೆರೆಗಳಿಲ್ಲ, ಎಲ್ಲರೂ ಇಡೀ ಅಂಗಳ ಓಡಬಹುದು ಎಂದು ಅದರಲ್ಲಿತ್ತು. ನಾನು ಅದನ್ನು ಓದಿದ್ದು ಖಚಿತ. ಅಡಿಗಳಲ್ಲಿದ್ದ ಅಳತೆಯನ್ನು ಗಜಕ್ಕೆ ಇಳಿಸಿ ಅಂಚಿನಲ್ಲಿ ಬರೆದಿದ್ದೆ. ಆಮೇಲೆ ವರಾಂಡದಲ್ಲಿ ತಾರಾಬಾಯಿಯವರನ್ನು ನಿಲ್ಲಿಸಿ, ಕಾಯ್ದೆ ಬದಲಾಗಿದೆ ಎಂದು ಪುಸ್ತಕ ಕೊಟ್ಟದ್ದು ನನಗೆ ನೆನಪಿದೆ; ಇಂಗ್ಲಿಷ್ ಬಾರದ ಅವರಿಗೆ ಅದನ್ನು ಓದಿ ಹೇಳಲಿಲ್ಲ. ಅವರು ಕೈಯ ಸುಣ್ಣ ಒರೆಸಿಕೊಂಡು ಅದನ್ನು ತೆಗೆದುಕೊಂಡದ್ದು ನೆನಪಿದೆ. ಅವತ್ತಿನ ಬಿಸಿಲು ಕೂಡ ನೆನಪಿದೆ.

ಆಟದ ದಿನ ಗುಲ್ಬರ್ಗಾದ ಐದು ಹುಡುಗಿಯರು ಅಂಗಳಕ್ಕಿಳಿದರು. ನಮ್ಮವರು ಆರು. ಅವರ ಮಾಸ್ತರು ಸುಣ್ಣದ ಗೆರೆಗಳನ್ನು ನೋಡಿ, ಏನ್ರಿ, ಬೀದರದಾಗ ಇನ್ನಾ ಕುಂಟಬಿಲ್ಲಿ ಆಡಸ್ತೀರೇನು ಎಂದರು. ಕುರ್ಚಿಗಳಲ್ಲಿ ಕೂತಿದ್ದವರೆಲ್ಲ ನಕ್ಕರು, ಇನ್‌ಸ್ಪೆಕ್ಟ್ರೆಸ್ ಮೇಡಂ ಮಾತ್ರ ನಗಲಿಲ್ಲ. ರೆಫರಿ ಪೊರಕೆ ತರಿಸಿ ಎರಡೂ ಗೆರೆಗಳನ್ನು ಅಳಿಸಿದ. ನಮ್ಮ ಒಬ್ಬ ಹುಡುಗಿ ಹೊರಗೆ ಕೂತಳು. ತಾರಾಬಾಯಿ ನನ್ನ ಕಡೆ ಒಮ್ಮೆ ನೋಡಿದರೆಂದು ಕಾಣುತ್ತದೆ. ನಾನು ಪೆನ್ಸಿಲ್ ಚೂಪು ಮಾಡುತ್ತಿದ್ದೆ.

ಮೊದಲ ಅರ್ಧವನ್ನು ವರ್ಣಿಸುವುದು ಕಷ್ಟ. ಗೆರೆ ಅಳಿದುಹೋಗಿತ್ತು, ಆದರೂ ನಮ್ಮ ಹುಡುಗಿಯರು ಅದು ಇದ್ದ ಜಾಗಕ್ಕೆ ಬಂದೊಡನೆ ನಿಂತುಬಿಡುತ್ತಿದ್ದರು. ಕಾಶಮ್ಮ ಚೆಂಡಿನ ಹಿಂದೆ ಓಡಿಬಂದು, ಮುಂದೆ ಬಾವಿ ಇದ್ದವಳಂತೆ ತಡೆದು ನಿಲ್ಲುತ್ತಿದ್ದಳು. ಗುಲ್ಬರ್ಗಾದವರು ಅವಳ ಪಕ್ಕದಿಂದಲೇ ಚೆಂಡು ಎತ್ತಿಕೊಂಡು ಹೋಗುತ್ತಿದ್ದರು. ನಾನು ಒಂದೇ ಕಡೆ ಅಂಕ ಬರೆಯುತ್ತಿದ್ದೆ.

ವಿರಾಮದಲ್ಲಿ ಹುಡುಗಿಯರು ಬೇವಿನ ಮರದ ಕೆಳಗೆ ಸೇರಿದರು. ಇಬ್ಬರು ಅಳುತ್ತಿದ್ದರು. ತಾರಾಬಾಯಿ ಎಂದಿನಂತೆ ಏನಾಗುತ್ತಿದೆ ಎಂದು ಕೇಳಿದರು.

“ಗೆರಿ ಅಳಸ್ಯಾರರಿ ಬಾಯಿ,” ಎಂದಳು ಕಾಶಮ್ಮ. “ಆದ್ರ ನನ್ನ ಕಾಲು ಅಲ್ಲೇ ನಿಲ್ತಾವ.”

ಅವರು ಗೆರೆ ಅಳಿಸಿದ ಜಾಗದ ಕಡೆ ನೋಡಿದರು. ಆ ಹೊತ್ತಿನಲ್ಲಿ ಅವರ ಅನ್ನ ತಟ್ಟೆಯಿಂದ ಜಾರುತ್ತಿತ್ತು. ಮೇಡಂ ಕುರ್ಚಿಯಲ್ಲಿ ಕೂತ ರೀತಿಯಿಂದಲೇ ಅದು ಎಲ್ಲರಿಗೂ ತಿಳಿಯುತ್ತಿತ್ತು. “ಕಾಲು ನಿಲ್ಲಲಿ ಬಿಡು,” ಎಂದರು. “ಈಗಿಂದೀಗ ಕಾಲಿಗಿ ಹೊಸಾದು ಕಲಸ್ಲಿಕ್ಕ ಆಗೂದಿಲ್ಲ. ಚಂಡು ನಿಲ್ಲಬಾರದು, ಅಷ್ಟ ನೋಡ್ರಿ. ಅವರು ಓಡ್ಲಿ. ಮನಷಾ ಓಡೂದಕ್ಕಿಂತ ಚಂಡು ಜಲ್ದಿ ಹೋಗ್ತದ.”

ಮತ್ತೆ ಆಟ ಶುರುವಾದಾಗ ನಮ್ಮವರು ಗೆರೆಯ ಬಳಿ ನಿಲ್ಲುತ್ತಲೇ ಇದ್ದರು. ಆದರೆ ನಿಲ್ಲುವ ಮೊದಲೇ ಚೆಂಡು ಕೈಬಿಟ್ಟಿರುತ್ತಿತ್ತು. ಎರಡು ವರ್ಷ ಬೇರೆ ದಾರಿ ಇಲ್ಲದೆ ಎಸೆದು ಎಸೆದು ಕಲಿತ ಕೈಗಳು ಅವು. ಗುಲ್ಬರ್ಗಾದವರು ಚೆಂಡಿನ ಹಿಂದೆ ಓಡಿ ಓಡಿ ಏದುಸಿರು ಬಿಟ್ಟರು. ಆದರೂ ಒಟ್ಟಿನಲ್ಲಿ ನಾವು ಹನ್ನೆರಡು ಅಂಕದಿಂದ ಸೋತೆವು. ಸೋಲಿಗೆ ಕೊನೆಯಲ್ಲಿ ಸ್ವಲ್ಪ ಮಾನ ಬಂತು ಎಂದಷ್ಟೇ ನನ್ನ ನೆನಪು.

ಆಮೇಲೆ ಹೆಡ್‌ಮಿಸ್ಟ್ರೆಸ್ ಕೋಣೆ. ಇನ್‌ಸ್ಪೆಕ್ಟ್ರೆಸ್ ಮೇಡಂ ಉರ್ದುವಿನಲ್ಲಿ ಕೇಳಿದರು: ಹೊಸ ನಿಯಮಪುಸ್ತಕ ಎಲ್ಲ ಶಾಲೆಗೂ ಹೋಗಿದೆ, ಇಲ್ಲಿ ಯಾಕೆ ಹಳೆಯ ಆಟ? ನಾನು ಅಲ್ಲೇ ನಿಂತಿದ್ದೆ. ತಾರಾಬಾಯಿ, “ಕಿತಾಬ್ ಬಂದಿತ್ತರಿ, ನಾನೇ ನೋಡ್ಲಿಲ್ಲ” ಎಂದರು. ಮರುತಿಂಗಳು ಅವರ ಆರ್ಡರ್ ಬರಲಿಲ್ಲ.

ಈ ಮಾತನ್ನು ನಾನು ಎಷ್ಟು ಸಭೆಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಯಾರನ್ನೂ ದೂರದೆ ನೌಕರಿ ಬಿಟ್ಟುಕೊಟ್ಟ ಹೆಂಗಸು ಎಂದು ಹೇಳಿದಾಗಲೆಲ್ಲ ಸಭಿಕರು ಚಪ್ಪಾಳೆ ತಟ್ಟುತ್ತಿದ್ದರು.

ಕೊನೆಯ ಭೇಟಿ ಬಹಳ ವರ್ಷಗಳ ನಂತರ. ರಾಜ್ಯ ಒಡೆದು ಬೀದರ್ ಕನ್ನಡ ನಾಡಿಗೆ ಸೇರಿ ಎಷ್ಟೋ ಕಾಲವಾಗಿತ್ತು. ನಾನು ಭಾಲ್ಕಿಯಲ್ಲಿ ಹೆಡ್‌ಮಾಸ್ತರ. ಬಸ್‌ಸ್ಟ್ಯಾಂಡಿನಲ್ಲಿ ತಾರಾಬಾಯಿ ಬಟ್ಟೆಯ ಗಂಟಿನ ಮೇಲೆ ಕೂತು ಖಟಕ ಚಿಂಚೋಳಿಯ ಬಸ್ಸು ಕಾಯುತ್ತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. ಔರಾದಿನ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದರಂತೆ. ಹಿತ್ತಲಲ್ಲಿ ಒಂದು ರಿಂಗು ಹಾಕಿಸಿದ್ದರು. ಈಗ ಐದ ಮಂದಿ ಆಡಸ್ತೇನಿ, ಗೆರಿ ಇಲ್ಲ ಎಂದರು.

ನಾನು ಅವರ ಪಕ್ಕ ಕೂತು, ಆ ದಿನ ನನ್ನನ್ನು ಉಳಿಸಲು ಹೇಳಿದ ಸುಳ್ಳಿಗಾಗಿ ಕೃತಜ್ಞತೆ ಹೇಳಿದೆ. ಅವರು ಅರ್ಥವಾಗದವರಂತೆ ನನ್ನ ಮುಖ ನೋಡಿದರು.

“ನಾ ಯಾಕ ಸುಳ್ಳ ಹೇಳ್ಲಿರಿ? ಕಿತಾಬ್ ಬಂದದ್ದು ನನಗ ಗೊತ್ತಿಲ್ಲ ಅಂದೆ. ಕಾಗದ ನೋಡವರು ಮಾಸ್ತರು, ಅವರಿಗಿ ಕೇಳ್ರಿ ಅಂದೆ. ಮೇಡಂ ನಿಮ್ಮ ಕಡಿ ನೋಡಿದ್ರು. ನೀವು ಸುಮ್ಮನ ನಿಂತ್ರಿ.”

ನಾನು ಏನೋ ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದರು. “ನಿಮ್ಮದೂ ಹೊಸಾ ನೌಕರಿ ಇತ್ತು, ಹೆದರಿಕಿ ಇರ್ತದ. ಅದು ಹೋಗ್ಲಿ. ಎರಡನೇ ಅರ್ಧದಾಗ ನಾವು ಮೂರರಿಂದ ಗೆದ್ದಿದ್ದಿವಿ, ಅದು ನೆನಪ ಅದನೋ ಇಲ್ಲೋ? ಬರದವರು ನೀವೇ.”

ನೆನಪ ಅದ ಎಂದೆ. ನೆನಪಿರಲಿಲ್ಲ. ಸೋತ ಆಟದಲ್ಲಿ ಗೆಲುವು ಹುಡುಕಿಕೊಳ್ಳುವ ಮುದುಕಿಯ ಸಮಾಧಾನ ಎಂದುಕೊಂಡೆ. ಪುಸ್ತಕದ ಮಾತನ್ನೂ ಅದೇ ತೂಕಕ್ಕೆ ಹಾಕಿ ಆ ರಾತ್ರಿ ನಿದ್ದೆ ಮಾಡಿದೆ. ಬಸ್ಸು ಬಂದಾಗ ಅವರ ಗಂಟು ಎತ್ತಿ ಕೊಟ್ಟಿದ್ದೆ. ಎರಡು ವರ್ಷದ ಮೇಲೆ ಔರಾದಿನಿಂದ ಬಂದ ಯಾರೋ, ಅವರು ತೀರಿಕೊಂಡ ಸುದ್ದಿ ಹೇಳಿದರು.

ವರಾಂಡದ ಬಿಸಿಲಿಗೂ ಆ ಕೋಣೆಯ ಮಾತಿಗೂ ಈಗ ಸಾಕ್ಷಿ ಇಲ್ಲ. ಹೆಡ್‌ಮಿಸ್ಟ್ರೆಸ್ ಇಲ್ಲ, ಮೇಡಂ ಇಲ್ಲ. ಇಬ್ಬರ ನೆನಪುಗಳಲ್ಲಿ ಯಾವುದನ್ನು ನಂಬುವುದೆಂದು ನಿರ್ಧರಿಸಲು ಒಂದೇ ದಾರಿ ಉಳಿದಿತ್ತು: ಅವರು ಹೇಳಿದ್ದರಲ್ಲಿ ಪರೀಕ್ಷಿಸಲು ಬರುವಂಥದ್ದನ್ನು ಪರೀಕ್ಷಿಸುವುದು. ನಿವೃತ್ತನಾದ ಮೇಲೆ ಬೀದರಿಗೆ ಹೋಗಿ, ಹಳೆಯ ಶಾಲೆಯ ಕಪಾಟು ತೆಗೆಸಿ, ಗೆದ್ದಲು ಬಿಟ್ಟುಳಿದ ಕಟ್ಟುಗಳಲ್ಲಿ ಅಂಕಪುಸ್ತಕ ಹುಡುಕಿದೆ. ಸಿಕ್ಕಿತು. ಎರಡನೆಯ ಅರ್ಧ, ಬೀದರ್ ಹದಿಮೂರು, ಗುಲ್ಬರ್ಗಾ ಹತ್ತು. ಅಂಕಿಗಳು ಉರ್ದುವಿನಲ್ಲಿವೆ, ಅಕ್ಷರ ನನ್ನದೇ.