ಕರಿಬೇವಿಗೆ ಸುರಿದ ಒಂದು ಕೊಡ ನೀರು

ಬೆಟಗೇರಿಯ ನಮ್ಮ ಓಣಿಗೆ ಎಂಟು ಹತ್ತು ದಿನಕ್ಕೊಮ್ಮೆ ನೀರು ಬರುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ ಎಂಬುದು ಬರುವ ತನಕ ಯಾರಿಗೂ ತಿಳಿಯದು. ಮೊದಲೆಲ್ಲ ಆ ಖಬರು ಕೊಡುತ್ತಿದ್ದವಳು ಎದುರುಮನೆಯ ಆಯಿ. ಮಗ್ಗದ ಕೆಲಸ ಬಿಟ್ಟ ಮೇಲೆ ಹಗಲೆಲ್ಲ ಕಟ್ಟೆಯ ಮೇಲೆ ಕೂತಿರುತ್ತಿದ್ದ ಆಕೆಗೆ ನಲ್ಲಿ ಸುಸ್ಸೆಂದ ಕೂಡಲೇ ಕೇಳಿಸುತ್ತಿತ್ತು. ಮೊಣಕಾಲು ನೋವಿದ್ದರೂ ತಾಮ್ರದ ಕೊಡವನ್ನು ಸೌಟಿನಿಂದ ಬಾರಿಸುತ್ತ ಓಣಿಯ ಉದ್ದಕ್ಕೂ ಹೋಗಿಬರುತ್ತಿದ್ದಳು. ಯಾರ ಬಾಗಿಲಿಗಾದರೂ ಬೀಗ ಕಂಡರೆ ಅವರ ಮನೆಯ ಮುಂದಿನ ಬ್ಯಾರಲ್ಲಿಗೆ ತಾನೇ ಪೈಪು ಇಳಿಬಿಡುತ್ತಿದ್ದಳು.

ನಾನು ಗದಗಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವನು. ಮಾಹಿತಿ ತಂತ್ರಜ್ಞಾನದಿಂದ ಸಮುದಾಯ ಗಟ್ಟಿಯಾಗುತ್ತದೆ ಎಂದು ಶಿರಹಟ್ಟಿ, ಲಕ್ಷ್ಮೇಶ್ವರಗಳವರೆಗೂ ಹೋಗಿ ಭಾಷಣ ಮಾಡಿ ಶಾಲು ಹೊದಿಸಿಕೊಂಡು ಬಂದಿದ್ದೇನೆ. ಅಂಥವನ ಓಣಿಯಲ್ಲೇ ಕೊಡ ಬಾರಿಸುವುದೆಂದರೆ ಮರ್ಯಾದೆಯ ಪ್ರಶ್ನೆ. ಒಂದು ಭಾನುವಾರ ಎಲ್ಲರ ನಂಬರು ಕೂಡಿಸಿ ವಾಟ್ಸಾಪ್ ಗುಂಪು ಮಾಡಿದೆ. ಆಯಿಯ ಹತ್ತಿರ ಫೋನಿರಲಿಲ್ಲ.

“ಇನ್ನ ಮ್ಯಾಲೆ ನೀವು ತ್ರಾಸ ತಗೋಬ್ಯಾಡ್ರಿ ಆಯಿ,” ಎಂದೆ.

“ಆತು ಬಿಡೋ ತಮ್ಮಾ, ಮೊಣಕಾಲಿಗೂ ಆರಾಮಾತು,” ಎಂದು ಸೌಟನ್ನು ಒಳಗಿಟ್ಟಳು. ಆ ಮಾತನ್ನೂ ನಾನು ಮುಂದಿನ ಭಾಷಣಕ್ಕೆ ಸೇರಿಸಿಕೊಂಡೆ.

ಗುಂಪು ಜೋರಾಗಿ ನಡೆಯಿತು. ನೀರು ಬಂತೆಂದು ಒಬ್ಬರು ಬರೆದರೆ ಉಳಿದವರು ಕೈಮುಗಿದ ಚಿತ್ರ ಹಾಕುತ್ತಿದ್ದರು, ನೀರು ಬಿಟ್ಟವನು ಗುಂಪಿನಲ್ಲಿ ಇಲ್ಲದಿದ್ದರೂ. ಗೋಡೆಗೆ ಗೋಡೆ ಹತ್ತಿದ ಮನೆಗಳವರು ಬೆಳಗಾದರೆ ಒಬ್ಬರಿಗೊಬ್ಬರು ಗುಲಾಬಿ ಹೂವಿನ ಚಿತ್ರ ಕಳಿಸತೊಡಗಿದರು.

ಹೋದ ತಿಂಗಳು ಆಯಿಯ ಬಸುರಿ ಮೊಮ್ಮಗಳ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡಿದ್ದರು. ಮುಂಡರಗಿಯಿಂದ ಬೀಗರು ಬರುವವರಿದ್ದರು. ಎರಡು ದಿನ ಮೊದಲು ಆಯಿ ಮನೆಗೆ ಬೀಗ ಹಾಕಿ ನೆಂಟರನ್ನು ಕರೆಯಲು ಲಕ್ಕುಂಡಿಗೆ ಹೋದಾಗಲೇ ನೀರು ಬಂತು. ಸುದ್ದಿ ಓದಿದೆವು, ಕೈಮುಗಿದೆವು, ತುಂಬಿಕೊಂಡೆವು. ಫೋನು ಎಲ್ಲರಿಗೂ ಹೇಳಿದೆ ಎಂದ ಮೇಲೆ ಯಾರ ಬಾಗಿಲಿಗೆ ಬೀಗವಿದೆ ಎಂದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ.

ಸಂಜೆ ಬಂದ ಆಯಿ ತನ್ನ ಖಾಲಿ ಬ್ಯಾರಲ್ಲಿನೊಳಗೆ ಬಗ್ಗಿ ನೋಡಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

“ಬೀಗರಿಗೆ ಕೈ ತೊಳ್ಯಾಕ ಏನ್ ಕೊಡ್ಲೋ ತಮ್ಮಾ?” ಎಂದಷ್ಟೇ ಕೇಳಿದಳು.

ಆಯಿಯ ಮನೆಗೆ ತಲಾ ಎರಡು ಕೊಡ ನೀರು ಕೊಡೋಣ ಎಂದು ಕೂಡಲೇ ಗುಂಪಿನಲ್ಲಿ ಬರೆದೆ. ಹೆಬ್ಬೆರಳ ಮೇಲೆ ಹೆಬ್ಬೆರಳು ಬಂದವು. ಒಬ್ಬರು ಚಪ್ಪಾಳೆಯನ್ನೂ ಹಾಕಿದರು. ಇಷ್ಟು ಮಂದಿ ಒಪ್ಪಿದ ಮೇಲೆ ಯಾರಾದರೂ ಒಯ್ದಿರುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ನಾನೂ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಕೊಡ ಬಾರಿಸುವ ಆ ಹಳೆಯ ಸಪ್ಪಳ ಕೇಳಿತು. ಮೇಲಿಂದ ಮೇಲೆ ಎರಡು ದಿನ ನೀರೆಂದರೆ ನಮ್ಮ ಓಣಿಯಲ್ಲಿ ಕಂಡು ಕೇಳದ ಸಂಗತಿ. ಮನೆಯಲ್ಲಿ ಖಾಲಿ ಪಾತ್ರೆ ಒಂದೂ ಇರಲಿಲ್ಲ. ಆಸೆ ತಡೆಯದೆ, ತುಂಬಿದ ಒಂದು ಕೊಡವನ್ನು ಅಂಗಳದ ಕರಿಬೇವಿನ ಬುಡಕ್ಕೆ ಸುರಿದು ಹೊರಗೆ ಓಡಿದೆ. ಓಣಿಯವರೆಲ್ಲ ಖಾಲಿ ಕೊಡ ಹಿಡಿದು ನಿಂತಿದ್ದರು. ಯಾರ ನಲ್ಲಿಯಲ್ಲೂ ಹನಿ ನೀರಿರಲಿಲ್ಲ. ಕಟ್ಟೆಯ ಮೇಲೆ ಆಯಿ ಸೌಟು ಹಿಡಿದು ನಿಂತಿದ್ದಳು.

“ನೀರು ಬಂದಿಲ್ಲ. ನಿನ್ನಿ ಬಂದಿದ್ದು ನಿಮ್ಮ ನಿಮ್ಮ ಮನ್ಯಾಗ ಐತಿ. ತುಂಬ್ಕೊಂಡು ಬರ್ರಿ.”

ಒಬ್ಬೊಬ್ಬರೇ ತಿರುಗಿ ಹೋಗಿ ಕೊಡ ಹೊತ್ತು ಬಂದರು. ಸ್ವಲ್ಪ ಹೊತ್ತಿನಲ್ಲೇ ಬ್ಯಾರಲ್ ತುಂಬಿತು. ನಾಚಿಕೆಯಿಂದ ನಾನು ಮೂರು ಕೊಡ ಹೊತ್ತೆ. ಮೂರನೆಯದನ್ನು ಸುರಿಯುವಾಗ ಆಯಿ ನಮ್ಮ ಅಂಗಳದ ಕಡೆ ನೋಡಿದಳು.

“ಕರಿಬೇವಿಗೆ ಎಷ್ಟು ಹಾಕಿದ್ಯೋ ತಮ್ಮಾ?”

“ಒಂದು ಕೊಡ ರೀ.”

“ಅದನ್ನೂ ಫೋನಿನ್ಯಾಗ ಹಾಕು.”

ಈಗ ಗುಂಪಿನಲ್ಲಿ ನೀರಿನ ಸುದ್ದಿಯ ಜೊತೆ ಯಾರ ಮನೆಗೆ ಬೀಗವಿದೆ ಎಂದೂ ಬರೆಯುತ್ತೇವೆ. ಕರಿಬೇವಿನ ವಿಷಯವನ್ನು ಮಾತ್ರ ಅಲ್ಲಿ ಹಾಕುವ ಧೈರ್ಯ ನನಗಾಗಲಿಲ್ಲ. ಇಲ್ಲಿ ಬರೆದಿದ್ದೇನೆ.